ನಿಮಗಿದು ಗೊತ್ತೆ? ನಿಂತ ವ್ಯಾನ್ ರೇಸ್ ಆಗುವುದೇಕೆ?

1984ರಲ್ಲಿ ಬಂದು 2019ರಲ್ಲಿ ತಯಾರಿಕೆ ನಿಂತ ಮಾರುತಿ ವ್ಯಾನ್, ಅಂದರೆ ಓಮ್ನಿ, ಗೊಟಗೋಡಿ ಬಳಿಯ ಪುಣೆ–ಬೆಂಗಳೂರು ಹೆದ್ದಾರಿಗೆ ಹಳೆಯ ಪರಿಚಯ. ಅದರ 796 ಸಿ.ಸಿ. ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ.

ಬೆಳಗಿನ ಚಳಿಯಲ್ಲಿ ಎಂಜಿನ್ ಸ್ವಲ್ಪ ಹೊತ್ತು ಜೋರಾಗಿ ಓಡುವುದು ಸಹಜ. ಬಿಸಿಯಾದ ಮೇಲೂ ವೇಗ ಇಳಿಯದಿದ್ದರೆ ದೋಷವಿದೆ. ಕಾರ್ಬ್ಯುರೇಟರ್ ಇರುವ ಹಳೆಯ ವ್ಯಾನಿನಲ್ಲಿ ಮೊದಲು ಚೋಕ್ ಪೂರ್ತಿ ಹಿಂದಿರುಗಿದೆಯೇ ನೋಡಬೇಕು. ಬಳಿಕ ಆಕ್ಸಿಲರೇಟರ್ ಕೇಬಲ್: ದೂಳು, ತುಕ್ಕು ಹಿಡಿದರೆ ಅದು ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ.

ಹೆಚ್ಚು ಕಾಡುವುದು ವ್ಯಾಕ್ಯೂಮ್ ಪೈಪಿನ ಬಿರುಕು. ಎಂಜಿನ್ ಕಾವಿಗೆ ರಬ್ಬರ್ ಗಡುಸಾಗಿ ಸೀಳುತ್ತದೆ; ಅಲ್ಲಿಂದ ನುಗ್ಗುವ ಹೆಚ್ಚುವರಿ ಗಾಳಿ ಎಂಜಿನ್ನಿನ ಲಯ ಕೆಡಿಸುತ್ತದೆ. ಒಂದೊಂದೇ ಪೈಪನ್ನು ಅದರ ಬುಡದಲ್ಲಿ ಒತ್ತಿ ಹಿಡಿದಾಗ ಸದ್ದು ಇಳಿದರೆ ಸೋರಿಕೆ ಆ ಪೈಪಿನದೇ. ಪೈಪುಗಳೆಲ್ಲ ಸರಿಯಿದ್ದರೆ ಕಾರ್ಬ್ಯುರೇಟರ್ ಬುಡದ ಗ್ಯಾಸ್ಕೆಟ್ ನೋಡಬೇಕು. ಐಡ್ಲಿಂಗ್ ಸ್ಕ್ರೂ ಮುಟ್ಟುವುದು ಕೊನೆಗೆ. ಮೊದಲೇ ತಿರುಗಿಸಿದರೆ ದೋಷ ಮರೆಯಾಗುತ್ತದೆಯೇ ಹೊರತು ಹೋಗುವುದಿಲ್ಲ.

ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿ ಪರೀಕ್ಷಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.