ಏಸಿ ದುರಸ್ತಿ: ಗ್ಯಾಸ್ ತುಂಬಿಸುವ ಮುನ್ನ

ಯಲಬುರ್ಗಾ ತಾಲ್ಲೂಕಿನ ಬಿರುಬೇಸಿಗೆಯಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಆ ದಿನಗಳಲ್ಲಿ ಮನೆಯ ಇಲ್ಲವೇ ಅಂಗಡಿಯ ಹವಾನಿಯಂತ್ರಕ, ಅಂದರೆ ಏಸಿ, ತಂಪು ನೀಡದಿದ್ದರೆ ಸಾಮಾನ್ಯವಾಗಿ ಕೇಳಿಬರುವ ಮಾತು, 'ಗ್ಯಾಸ್ ಖಾಲಿಯಾಗಿದೆ, ತುಂಬಿಸಬೇಕು' ಎಂಬುದು. ಹಣ ತೆರುವ ಮುನ್ನ ಈ ಮಾತನ್ನು ಒರೆಗೆ ಹಚ್ಚುವುದು ಲೇಸು.

ಏಸಿಯ ಅನಿಲವು ಪೆಟ್ರೋಲಿನಂತೆ ಉರಿದು ಮುಗಿಯುವುದಿಲ್ಲ. ಮುಚ್ಚಿದ ಕೊಳವೆಗಳಲ್ಲಿ ದ್ರವವಾಗಿ, ಮತ್ತೆ ಅನಿಲವಾಗಿ ಸುತ್ತುತ್ತ ಅದು ಕೋಣೆಯ ಶಾಖವನ್ನು ಹೊರಗೆ ಸಾಗಿಸುತ್ತದೆ. ಸರಿಯಾಗಿ ತುಂಬಿದ ಅನಿಲ ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿಕೆಯಿದೆ ಎಂದೇ ಅರ್ಥ. ಸೋರಿಕೆ ಮುಚ್ಚದೆ ಅನಿಲ ತುಂಬಿಸುವುದು ತೂತಾದ ಚೀಲಕ್ಕೆ ಜೋಳ ಸುರಿದಂತೆ.

ಪತ್ತೆಯ ಕ್ರಮ

ಮೊದಲು ಖರ್ಚಿಲ್ಲದ ಪರೀಕ್ಷೆಗಳು. ಗಾಳಿಯ ವೇಗ ಕುಗ್ಗಿದ್ದರೆ ಫಿಲ್ಟರಿನಲ್ಲಿ ಧೂಳು ತುಂಬಿರಬಹುದು. ಅದನ್ನು ತೊಳೆದು ಒಣಗಿಸಿ ಹಾಕಬೇಕು. ಒಳ ಘಟಕದಿಂದ ನೀರು ತೊಟ್ಟಿಕ್ಕಿದರೆ ನೀರು ಹೊರಹೋಗುವ ಕೊಳವೆ ಕಟ್ಟಿರುವುದು ಸಾಮಾನ್ಯ ಕಾರಣ. ಯಂತ್ರವನ್ನು ಹದಿನೈದು ನಿಮಿಷ ನಡೆಸಿ, ಒಳಸೇರುವ ಹಾಗೂ ಹೊರಬರುವ ಗಾಳಿಯ ಉಷ್ಣಾಂಶವನ್ನು ಅಳೆದಾಗ ಸುಮಾರು 8ರಿಂದ 12 ಡಿಗ್ರಿ ಅಂತರವಿದ್ದರೆ ಯಂತ್ರ ಬಹುತೇಕ ಸುಸ್ಥಿತಿಯಲ್ಲಿದೆ. ಬಾಗಿಲ ಸಂದು, ಬಿಸಿಲು ಬೀಳುವ ಗೋಡೆಗಳತ್ತ ಗಮನ ಹರಿಸತಕ್ಕದ್ದು.

ಹೊರ ಘಟಕದ ಫ್ಯಾನ್ ತಿರುಗುತ್ತಿದ್ದು ಕಂಪ್ರೆಸರ್ ಚಾಲೂ ಆಗದಿದ್ದರೆ ವೋಲ್ಟೇಜ್ ಹಾಗೂ ಕೆಪಾಸಿಟರ್ ಪರೀಕ್ಷಿಸಬೇಕು. ಇಲ್ಲಿ ಗೊತ್ತುಪಡಿಸಿದ ವೋಲ್ಟೇಜ್ 230. ಅದು ತೀರ ಕುಸಿದರೆ ಕಂಪ್ರೆಸರ್ ಏಳುವುದಿಲ್ಲ. ಕೆಪಾಸಿಟರ್ ವಿದ್ಯುತ್ ನಿಲ್ಲಿಸಿದ ಮೇಲೂ ಶಾಕ್ ಹೊಡೆಯಬಲ್ಲದಾದ್ದರಿಂದ ಅದನ್ನು ತಂತ್ರಜ್ಞರೇ ಮುಟ್ಟಬೇಕು. ಎರಡೂ ನಡೆಯುತ್ತಿದ್ದು ತಂಪು ಸಾಲದಿದ್ದರೆ ಹೊರ ಘಟಕದ ಜಾಲರಿಯ ಧೂಳನ್ನು ತೆಗೆಸಿ ನೋಡಬೇಕು.

ಒಳಗಿನ ಕೊಳವೆಗಳ ಮೇಲೆ ಮಂಜುಗಡ್ಡೆ ಕಟ್ಟುವುದು ಮೋಸಗೊಳಿಸುವ ಲಕ್ಷಣ. ಗಾಳಿ ಸಾಲದಿದ್ದರೂ, ಅನಿಲ ಸೋರಿದ್ದರೂ ಅದೇ ಚಿಹ್ನೆ. ಫಿಲ್ಟರ್ ಶುಚಿಗೊಳಿಸಿದ ಮೇಲೂ ಮಂಜು ಕಟ್ಟಿದರೆ, ಕೊಳವೆಯ ಸಂದಿಯಲ್ಲಿ ಎಣ್ಣೆಯ ಕಲೆ ಕಂಡರೆ, ಸೋರಿಕೆಯ ಶಂಕೆ ಬಲವಾಗುತ್ತದೆ. ನೈಟ್ರೋಜನ್ ಒತ್ತಡ ಹಾಗೂ ಸಾಬೂನು ನೊರೆಯಿಂದ ಸೋರುವ ಜಾಗವನ್ನು ಗುರುತಿಸಿ, ಮುಚ್ಚಿ, ನಿರ್ವಾತಗೊಳಿಸಿ, ಬಳಿಕ ತಯಾರಕರು ನಮೂದಿಸಿದಷ್ಟೇ ಅನಿಲವನ್ನು ತೂಗಿ ತುಂಬಿಸುವುದು ಸರಿಯಾದ ವಿಧಾನ. ಆರ್-32 ಅನಿಲ ಬೆಂಕಿ ಹಿಡಿಯಬಲ್ಲದು. ಜ್ವಾಲೆಯಿಂದ ಸೋರಿಕೆ ಹುಡುಕುವುದು ಸಲ್ಲದು.

ಲೆಕ್ಕದ ಪುಸ್ತಕದಲ್ಲಿ

1.5 ಕಿಲೋವ್ಯಾಟ್ ಸೆಳೆಯುವ ಏಸಿ ಎಂಟು ಗಂಟೆ ಬಿಡುವಿಲ್ಲದೆ ನಡೆದರೆ 12 ಯೂನಿಟ್ ಖರ್ಚು. ದೋಷವಿರುವ ಯಂತ್ರಕ್ಕೆ ಬಿಡುವೇ ಇರುವುದಿಲ್ಲ. ಬಳಕೆ ಹೆಚ್ಚದೆ ಯೂನಿಟ್ ಏರಿದರೆ ಅದೇ ಮೊದಲ ಎಚ್ಚರಿಕೆ. ಬಿಲ್ಲಿನಲ್ಲಿ ಕಂಡ ದೋಷ, ಬದಲಿಸಿದ ಭಾಗ, ತುಂಬಿದ ಅನಿಲದ ಹೆಸರು ಮತ್ತು ತೂಕವನ್ನು ಬರೆಸಿಕೊಳ್ಳಬೇಕು. ಅಂಗಡಿಯ ಏಸಿ ದುರಸ್ತಿಗೆ ತೆತ್ತ ಜಿ.ಎಸ್.ಟಿ.ಯ ಹೂಡುವಳಿ ತೆರಿಗೆ ಜಮೆಯನ್ನು ರಾಜಿ ತೆರಿಗೆ ಪದ್ಧತಿಗೆ ಒಳಪಡದ ನೋಂದಾಯಿತ ವರ್ತಕರು ನಿಯಮಾನುಸಾರ ಪಡೆಯಬಹುದು. ಮನೆಯ ಏಸಿಗೆ ಈ ಸೌಲಭ್ಯವಿಲ್ಲ. ಅದರ ಖರ್ಚನ್ನು ಅಂಗಡಿಯ ಖಾತೆಗೆ ಹಾಕಲಾಗದು.

ಪ್ರತಿ ಬೇಸಿಗೆಯಲ್ಲೂ ಗ್ಯಾಸಿನ ಬಿಲ್ಲು ಬರುತ್ತಿದ್ದರೆ ಹಿಂದಿನ ವರ್ಷದ ಬಿಲ್ಲನ್ನು ತೆರೆದು ತಂತ್ರಜ್ಞರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಸೋರಿದ್ದು ಎಲ್ಲಿ?