ಸುಣ್ಣದಕಲ್ಲಿನ ಸೀಮೆಯಲ್ಲಿ ಉಪ್ಪುನೀರಿನ ತೊಟ್ಟಿ

ಕಡಲ ಮೀನು ಸಾಕುವ ಗಾಜಿನ ತೊಟ್ಟಿಯನ್ನು ಮೇ ತಿಂಗಳಲ್ಲಿ ತಂಪಾಗಿಡುವುದು ಮಂಗಳೂರಿಗಿಂತ ಸೇಡಂನಲ್ಲಿ ಸುಲಭ. ಹೀಗೆಂದರೆ ಯಾರಾದರೂ ನಕ್ಕಾರು. ಯಾವ ದಿಕ್ಕಿಗೆ ಹೊರಟರೂ ಮುನ್ನೂರು ಕಿಲೋಮೀಟರ್ ದಾಟದೆ ಸಮುದ್ರ ಸಿಗದ ಊರು, ಬೇಸಿಗೆಯಲ್ಲಿ 42 ಡಿಗ್ರಿ ಬಿಸಿಲು. ಆದರೂ ಲೆಕ್ಕ ಸೇಡಂ ಪರವಾಗಿಯೇ ಇದೆ.

ನೀರು ಆವಿಯಾಗುವಾಗ ಉಳಿದ ನೀರಿನ ತಾಪವನ್ನು ಕಿತ್ತುಕೊಂಡೇ ಹೋಗುತ್ತದೆ. ನೂರು ಲೀಟರಿನ ತೊಟ್ಟಿಯಿಂದ ಒಂದು ಲೀಟರ್ ಆವಿಯಾದರೆ, ಉಳಿದದ್ದು ಐದಾರು ಡಿಗ್ರಿ ತಣಿಯುವಷ್ಟು ತಾಪ ಅದರ ಜೊತೆಗೆ ಹೊರಟುಹೋಗುತ್ತದೆ. ಗಾಳಿ ಒಣಗಿದ್ದಷ್ಟೂ ಈ ಕೆಲಸ ಚುರುಕು. 42 ಡಿಗ್ರಿ ಬಿಸಿಲು, ಶೇ. 20ರಷ್ಟು ತೇವಾಂಶ ಇರುವ ದಿನ ಬರೀ ಗಾಳಿ ಊದಿಯೇ ನೀರನ್ನು ಹೆಚ್ಚೆಂದರೆ 24 ಡಿಗ್ರಿ ಆಸುಪಾಸಿಗೆ ಇಳಿಸಬಹುದು. ಮಂಗಳೂರಿನಲ್ಲಿ ಬಿಸಿಲು 34 ಡಿಗ್ರಿಯೇ ಇದ್ದರೂ ತೇವಾಂಶ ಶೇ. 70 ಇದ್ದರೆ 29 ಡಿಗ್ರಿಗಿಂತ ಕೆಳಗೆ ಇಳಿಸಲಾಗದು. ಕಲಬುರಗಿ ಕಡೆ ಮನೆಮನೆಯ ಕಿಟಕಿಯಲ್ಲಿ ಕೂತಿರುವ ಏರ್‌ಕೂಲರ್ ಮಾಡುವುದೂ ಇದನ್ನೇ. ದೀಪ, ಪಂಪುಗಳು ತಮ್ಮ ತಾಪವನ್ನೂ ಸೇರಿಸುವುದರಿಂದ 24ಕ್ಕೆ ಇಳಿಯುವುದಿಲ್ಲ, ನಿಜ. ಆದರೆ ಮೀನಿನ ಜೊತೆ ತೊಟ್ಟಿಯಲ್ಲಿ ಸಾಕುವ, ಹವಳದ ಬಂಧುವಾದ ಅನಿಮೋನ್‌ಗೆ ಬೇಕಾದ್ದು 25ರಿಂದ 27 ಡಿಗ್ರಿ. ನೀರಿನ ಮೇಲೆ ಓರೆಯಾಗಿ ಊದುವ ಎರಡು ಸಣ್ಣ ಫ್ಯಾನುಗಳು ಅದರ ಹತ್ತಿರಕ್ಕೆ ತಂದು ನಿಲ್ಲಿಸುತ್ತವೆ.

ತೊಡಕು ಶುರುವಾಗುವುದು ಆಮೇಲೆ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ನಲವತ್ತು ಲೀಟರಿನ ಪುಟ್ಟ ತೊಟ್ಟಿ ಬೇಸಿಗೆಯಲ್ಲಿ ಎರಡು ಲೀಟರ್ ಕಳೆದುಕೊಂಡರೆ ಆ 35 ಹೆಚ್ಚುಕಡಿಮೆ 37 ಆಗುತ್ತದೆ. ಮೀನು ತಡೆದುಕೊಂಡೀತು. ಅನಿಮೋನ್ ಮೈ ಮುದುಡಿ ಬಾಯಿ ಬಿಡುತ್ತದೆ. ಅದಕ್ಕೇ ಸಣ್ಣ ತೊಟ್ಟಿ ಅಗ್ಗ ಎಂದು ಕೊಳ್ಳುವವರಿಗೆ ನಾನು ಹೇಳುವುದು: ಸಣ್ಣದೇ ದುಬಾರಿ. ಇನ್ನೂರು ಲೀಟರಿನಲ್ಲಿ ಅದೇ ಎರಡು ಲೀಟರ್ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಹೋದಷ್ಟು ನೀರನ್ನು ಪ್ರತಿದಿನ ತುಂಬಬೇಕು, ಆದರೆ ಉಪ್ಪು ಬೆರೆಸಿದ ನೀರಲ್ಲ, ಸಿಹಿನೀರು. ಯಾವ ಸಿಹಿನೀರು ಎಂಬ ಪ್ರಶ್ನೆ ಬಂದಾಗ ಈ ಸೀಮೆಯ ನೆಲ ನಡುವೆ ಬರುತ್ತದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಒಂದು ಭಾಗ, ಇವೆಲ್ಲ ಕೂತಿರುವುದು ಭೀಮಾ ಕೊಳ್ಳದ ಸುಣ್ಣದಕಲ್ಲಿನ ಮೇಲೆ. ದೇಶದ ಎಷ್ಟೋ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಫರಸಿ, ವಾಡಿಯ ಸಿಮೆಂಟು, ಚಿತ್ತಾಪುರ ತಾಲ್ಲೂಕಿನ ಸನ್ನತಿ ಬಳಿ ಕನಗನಹಳ್ಳಿಯಲ್ಲಿ ಅಶೋಕನ ಹೆಸರನ್ನೂ ಚಿತ್ರವನ್ನೂ ಒಟ್ಟಿಗೆ ಕೆತ್ತಿದ ಫಲಕ, ಎಲ್ಲದರ ಮೂಲವೂ ಈ ಸುಣ್ಣದಕಲ್ಲೇ. ಇದು ಆಳವಿಲ್ಲದ ಹಳೆಯ ಕಡಲಿನ ತಳದಲ್ಲಿ ಪದರಪದರವಾಗಿ ಕೂತ ಸುಣ್ಣದ ಕೆಸರು. ಎಷ್ಟು ಹಳೆಯದೆಂದರೆ, ಫರಸಿಯನ್ನು ಎಷ್ಟು ಸೀಳಿದರೂ ಅದರಲ್ಲಿ ಚಿಪ್ಪೂ ಹವಳವೂ ಸಿಗುವುದಿಲ್ಲ. ಚಿಪ್ಪು ಕಟ್ಟುವ ಪ್ರಾಣಿಗಳು ಆಗಿನ್ನೂ ಹುಟ್ಟಿರಲಿಲ್ಲ.

ಇಲ್ಲಿಯ ಬೋರಿನ ನೀರಿನಲ್ಲಿ ಕ್ಯಾಲ್ಸಿಯಂ ಧಾರಾಳ, ಬಕೆಟ್ಟಿನ ಅಂಚಿಗೆ ಬಿಳಿ ಗೆರೆ ಕಟ್ಟುವುದು ಅದೇ. ಹವಳಕ್ಕೂ ಕ್ಯಾಲ್ಸಿಯಂ ಬೇಕು, ಸಮುದ್ರದ ಒಂದು ಲೀಟರ್ ನೀರಿನಲ್ಲೂ ಸುಮಾರು 400 ಮಿಲಿಗ್ರಾಂ ಇದೆ. ಹಾಗಾದರೆ ಬೋರಿನ ನೀರೇ ಸಾಕಲ್ಲವೇ? ಸಾಲದು. ಬರಿಯ ಕ್ಯಾಲ್ಸಿಯಂ ಬರುವುದಿಲ್ಲ, ಹೊಲದ ಗೊಬ್ಬರದಿಂದ ಇಳಿದ ನೈಟ್ರೇಟ್ ಮತ್ತು ಕಲ್ಲಿನಿಂದ ಕರಗಿದ ಸಿಲಿಕಾ ಕೂಡ ಬರುತ್ತವೆ. ಸಿಲಿಕಾ ಸಿಕ್ಕರೆ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಗಾಜಿಗೆಲ್ಲ ಕಂದು ಬಳಿಯುತ್ತದೆ. ಹೋದ ನೀರಿನ ಬದಲು ದಿನವೂ ಬೋರಿನ ನೀರು ಹಾಕುತ್ತಾ ಹೋದರೆ ನೀರು ಮಾತ್ರ ಆವಿಯಾಗಿ, ಉಳಿದದ್ದೆಲ್ಲ ರಾಶಿ ಬೀಳುತ್ತದೆ. ಹೀಗಾಗಿ ಆರ್‌ಒ ನೀರೇ ಗತಿ. ತೊಟ್ಟಿಯನ್ನು ಹೊಸದಾಗಿ ತುಂಬುವಾಗಲಾದರೆ ಬಕೆಟ್ಟಿನಲ್ಲಿ ಅದಕ್ಕೆ ಕಡಲುಪ್ಪಿನ ಮಿಶ್ರಣ ಬೆರೆಸಬೇಕು, ನೂರು ಲೀಟರಿಗೆ ಸುಮಾರು ಮೂರೂವರೆ ಕಿಲೋ. ಅಡುಗೆಮನೆಯ ಉಪ್ಪು ನಡೆಯದು. ಉಪ್ಪಿನ ಗದ್ದೆಯಲ್ಲಿ ಸೋಡಿಯಂ ಕ್ಲೋರೈಡ್ ಹರಳುಗಟ್ಟುತ್ತದೆ, ಮೆಗ್ನೀಸಿಯಂ ಬಹುಪಾಲು ಕಹಿನೀರಿನಲ್ಲೇ ಹೊರಗುಳಿಯುತ್ತದೆ.

ಸುಣ್ಣಕ್ಕೆ ತೊಟ್ಟಿಯಲ್ಲಿ ಜಾಗವೇ ಇಲ್ಲ ಎಂದಲ್ಲ. ಕಲ್ಲುಹವಳ ಬೆಳೆಯುತ್ತಾ ನೀರಿನ ಕ್ಯಾಲ್ಸಿಯಂ ತಿಂದುಹಾಕುತ್ತದೆ, ಅದನ್ನು ತುಂಬಿಕೊಡಲು ಯುರೋಪಿನ ಹವ್ಯಾಸಿಗಳು ಕಂಡುಕೊಂಡ ಹಳೆಯ ಉಪಾಯ ಸುಣ್ಣದ ತಿಳಿನೀರು. ನೀರಿಗೆ ಸುಣ್ಣ ಕದಡಿ, ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಹನಿಹನಿಯಾಗಿ ತೊಟ್ಟಿಗೆ ಬಿಡುತ್ತಾರೆ, ಅದೂ ರಾತ್ರಿ. ರಾತ್ರಿ ದೀಪ ಆರಿದ ಮೇಲೆ ಎಲ್ಲ ಜೀವಿಗಳೂ ಉಸಿರಾಡುತ್ತಾ ಇಂಗಾಲದ ಡೈಆಕ್ಸೈಡ್ ಬಿಡುವುದರಿಂದ ನೀರಿನ ಪಿಎಚ್ ಕುಸಿಯುತ್ತದೆ, ಸುಣ್ಣದ ತಿಳಿ ಅದನ್ನು ಎತ್ತಿಹಿಡಿಯುತ್ತದೆ. ಒಮ್ಮೆಗೇ ಸುರಿದರೆ ಪಿಎಚ್ 12 ಮೀರಿದ ಆ ದ್ರಾವಣ ಎಲ್ಲವನ್ನೂ ಸುಟ್ಟುಬಿಡುತ್ತದೆ. ಭಟ್ಟಿಯ ಸುಣ್ಣ ಬೇಡ, ಅದರಲ್ಲಿ ಮಣ್ಣಿನ ಅಂಶ ಇರುತ್ತದೆ. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬೇಕು.

ಆದರೆ ಅನಿಮೋನ್‌ಗೆ ಈ ಯಾವ ಸುಣ್ಣವೂ ಬೇಡ! ಹವಳದ ಹತ್ತಿರದ ಬಂಧು ನಿಜ, ಎಲುಬಿಲ್ಲ, ಚಿಪ್ಪಿಲ್ಲ, ಒಳಗೆ ಸುಣ್ಣದ ಗೂಡೂ ಇಲ್ಲ. ಅದರ ಮೈ ಬರಿಯ ನೀರು ತುಂಬಿದ ಸ್ನಾಯುವಿನ ಚೀಲ: ಕೆಳಗೆ ಕಲ್ಲಿಗೆ ಅಂಟುವ ಪಾದ, ಮೇಲೆ ಬಾಯಿ, ಬಾಯಿಯ ಸುತ್ತ ನೂರಾರು ಬೆರಳು. ತಿಂದದ್ದರ ಕಸ ಹೊರಬರುವುದೂ ಅದೇ ಬಾಯಿಯಿಂದ.

ಆ ಬೆರಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮುಟ್ಟಿದರೆ ಅಂಟಂಟು ಎನಿಸುತ್ತದೆ. ಅದು ಅಂಟಲ್ಲ, ನಿಮ್ಮ ಚರ್ಮಕ್ಕೆ ಆ ಕ್ಷಣದಲ್ಲಿ ಹಾರಿ ನೆಟ್ಟ ಸೂಕ್ಷ್ಮ ದಾರಗಳು. ಬೆರಳ ತುಂಬ ಇರುವ ಕುಟುಕು ಕಣಗಳಲ್ಲಿ ಪ್ರತಿಯೊಂದರಲ್ಲೂ ಒಂದು ಸಂಪುಟ, ಅದರೊಳಗೆ ಸುರುಳಿ ಸುತ್ತಿದ ಟೊಳ್ಳು ದಾರ, ಒಳಗಿನ ಒತ್ತಡ ವಾಯುಭಾರದ ಸುಮಾರು 150 ಪಟ್ಟು. ಏನಾದರೂ ತಗುಲಿದರೆ ಮುಚ್ಚಳ ಹಾರಿ ದಾರ ಒಳಹೊರಗಾಗಿ ಚಿಮ್ಮುತ್ತದೆ. ಅನಿಮೋನ್‌ನ ದೂರದ ಸೋದರ ಹೈಡ್ರಾದಲ್ಲಿ ಜರ್ಮನಿಯ ವಿಜ್ಞಾನಿಗಳು 2006ರಲ್ಲಿ ಇದನ್ನು ಅಳೆದರು: ಸಂಪುಟ ಸಿಡಿಯುವುದು 700 ನ್ಯಾನೋಸೆಕೆಂಡಿನಲ್ಲಿ, ವೇಗೋತ್ಕರ್ಷ ಗುರುತ್ವದ 50 ಲಕ್ಷ ಪಟ್ಟಿಗೂ ಹೆಚ್ಚು. ಪ್ರಾಣಿಲೋಕದಲ್ಲಿ ಇದಕ್ಕಿಂತ ಚುರುಕಾದ ಚಲನೆ ಹುಡುಕುವುದು ಕಷ್ಟ. ಒಮ್ಮೆ ಸಿಡಿದ ಕಣ ಮತ್ತೆ ಬಳಕೆಗೆ ಬಾರದು, ಹೊಸದು ಬೆಳೆಯಬೇಕು.

ಇಂಥ ಬೆರಳುಗಳ ನಡುವೆ ಕ್ಲೌನ್ ಮೀನು ಹೊರಳಾಡುತ್ತದೆ. ಅದಕ್ಕೇಕೆ ಕುಟುಕುವುದಿಲ್ಲ ಎಂಬುದಕ್ಕೆ ಉತ್ತರ ಅದರ ಮೈಯ ಲೋಳೆಯಲ್ಲಿದೆ. ಉಳಿದ ಮೀನುಗಳ ಲೋಳೆಯಲ್ಲಿರುವ ಸಿಯಾಲಿಕ್ ಆಮ್ಲ ಎಂಬ ಸಕ್ಕರೆ ಜಾತಿಯ ವಸ್ತುವನ್ನು ಕುಟುಕು ಕಣಗಳು ಗುರುತು ಹಿಡಿಯುತ್ತವೆ, ಕ್ಲೌನ್ ಮೀನಿನಲ್ಲಿ ಅದು ತೀರಾ ಕಡಿಮೆ. ಪ್ರತಿಫಲವಾಗಿ ಮೀನು ಬಾಡಿಗೆಯನ್ನೂ ಕಟ್ಟುತ್ತದೆ. ಅದರ ಕಸದ ಅಮೋನಿಯಾ, ಅನಿಮೋನ್‌ನ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿಗಳಿಗೆ ಗೊಬ್ಬರ. ಆ ಪಾಚಿಗಳು ಬೆಳಕಿನಲ್ಲಿ ಸಕ್ಕರೆ ತಯಾರಿಸಿ ಅನಿಮೋನ್‌ಗೆ ಕೊಡುತ್ತವೆ. ರಾತ್ರಿ ಮೀನು ಬೆರಳುಗಳ ನಡುವೆ ಮೈ ಕುಲುಕಿ ನೀರಾಡಿಸಿ ಆಮ್ಲಜನಕವನ್ನೂ ಒದಗಿಸುತ್ತದೆ. ಸಾವಿರಕ್ಕೂ ಹೆಚ್ಚು ಜಾತಿಯ ಅನಿಮೋನ್‌ಗಳಲ್ಲಿ ಕ್ಲೌನ್ ಮೀನಿಗೆ ಮನೆ ಕೊಡುವುದು ಹತ್ತರಷ್ಟು ಮಾತ್ರ.

ಅಂಗಡಿಯಲ್ಲಿ ಹಾಲುಬಿಳುಪಿನ ಅನಿಮೋನ್ ಕಂಡು ಮರುಳಾಗಬೇಡಿ. ಅದು ಒಳಗಿನ ಪಾಚಿಯನ್ನು ಉಗುಳಿ ಹಸಿದು ಕೂತಿದೆ. ಕಡು ಹಳದಿ, ಕಡು ಗುಲಾಬಿ ಇದ್ದರೆ ಬಣ್ಣ ಬಳಿದಿರಲೂಬಹುದು. ಆರೋಗ್ಯದ ಅನಿಮೋನ್ ಕಂದು ಅಥವಾ ಹಸಿರು ಛಾಯೆಯದು, ಬಾಯಿ ಬಿಗಿಯಾಗಿ ಮುಚ್ಚಿರುತ್ತದೆ, ಪಾದ ಹರಿದಿರುವುದಿಲ್ಲ.

ಮನೆಗೆ ತಂದ ಮೇಲೆ ಅದು ಇಟ್ಟಲ್ಲಿ ಇರುವುದಿಲ್ಲ. ಬೆಳಕು, ಹರಿವು ಹಿಡಿಸದಿದ್ದರೆ ಪಾದ ಸಡಿಲಿಸಿ ರಾತ್ರೋರಾತ್ರಿ ನಡೆಯುತ್ತದೆ, ನೀರೆಳೆಯುವ ಪಂಪಿನ ಬಾಯಿಗೆ ಸಿಕ್ಕರೆ ಚಿಂದಿಯಾಗುತ್ತದೆ. ಆ ಚಿಂದಿಯಿಂದ ನೀರು ಕೆಟ್ಟು ಬೆಳಗಾಗುವಷ್ಟರಲ್ಲಿ ಮೀನುಗಳೂ ಸತ್ತಿರುತ್ತವೆ. ಪಂಪಿನ ಬಾಯಿಗೆ ಸ್ಪಂಜು ತೊಡಿಸಲೇಬೇಕು.

ಕರೆಂಟು ಹೋದರೆ? 26 ಡಿಗ್ರಿಯ ಉಪ್ಪುನೀರು ಸಿಹಿನೀರಿಗಿಂತ ಸುಮಾರು ಐದನೇ ಒಂದು ಭಾಗ ಕಡಿಮೆ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. ಬೇಸಿಗೆಯಲ್ಲಿ ದೀರ್ಘ ಹೊತ್ತು ಲೈನ್ ಹೋಗುವ ಊರಿನಲ್ಲಿ ದೀಪಕ್ಕಿಂತ ಮೊದಲು ಪಂಪಿಗೆ ಇನ್ವರ್ಟರ್ ಕೊಡಬೇಕು, ಬ್ಯಾಟರಿಯ ಗಾಳಿ ಪಂಪೊಂದು ಪಕ್ಕದಲ್ಲಿರಲಿ.

ಇಷ್ಟೆಲ್ಲ ಯಂತ್ರವಿಲ್ಲದೆಯೂ ಅನಿಮೋನ್ ಸಾಕಿದವರಿದ್ದಾರೆ. ಸ್ಕಾಟ್ಲೆಂಡಿನ ಜಾನ್ ಗ್ರಹಾಂ ಡಾಲ್ಯೆಲ್ 1828ರಲ್ಲಿ ಕಡಲ ದಂಡೆಯಿಂದ ಒಂದು ಅನಿಮೋನ್ ತಂದು ಗಾಜಿನ ಪಾತ್ರೆಯಲ್ಲಿಟ್ಟರು. ಅವರು ತೀರಿಹೋದರು, ಅನಿಮೋನ್ ಕೈಯಿಂದ ಕೈಗೆ ದಾಟಿ ಎಡಿನ್‌ಬರೋದಲ್ಲಿ 1887ರವರೆಗೆ ಬದುಕಿತು. ಜನ ಅದನ್ನು ‘ಅಜ್ಜಿ’ ಎಂದೇ ಕರೆದರು. ಪಂಪಿಲ್ಲ, ಎಲ್‌ಇಡಿ ಇಲ್ಲ, ಮತ್ತೆಮತ್ತೆ ಬದಲಾಯಿಸಿದ ತಾಜಾ ಸಮುದ್ರದ ನೀರಷ್ಟೇ. ಅದು ತಣ್ಣನೆಯ ಕಡಲಿನ ಜಾತಿ, ಮೈಯಲ್ಲಿ ಪಾಚಿ ಇಲ್ಲದ್ದು, ದೀಪ ಬೇಡದ್ದು. ಬಿಸಿಲುನಾಡಿನಲ್ಲಿ ಆ ಅನುಕೂಲ ಇಲ್ಲ. ಇಲ್ಲಿ ನೀರು ಏರುಪೇರಾಗದಂತೆ ಕಾಯುವುದನ್ನು ದುಡ್ಡು ಕೊಟ್ಟು, ಪ್ರತಿದಿನ ಅಳೆದು ಕೊಂಡುಕೊಳ್ಳಬೇಕು.

ತೊಟ್ಟಿಗೆ ಕಲ್ಲು ಬೇಕೇ ಬೇಕು, ಅಲಂಕಾರಕ್ಕಲ್ಲ. ಅಮೋನಿಯಾವನ್ನು ನೈಟ್ರೈಟಾಗಿ, ನೈಟ್ರೇಟಾಗಿ ಬದಲಿಸುವ ಬ್ಯಾಕ್ಟೀರಿಯಾಗಳು ಕಲ್ಲಿನ ರಂಧ್ರಗಳಲ್ಲಿ ನೆಲೆಸುತ್ತವೆ. ಅವು ನೆಲೆಯೂರಲು ಕೆಲವು ವಾರ ಬೇಕು, ಅಲ್ಲಿಯವರೆಗೆ ಮೀನು ಬಿಡಬಾರದು. ಶಹಾಬಾದ್ ಕಲ್ಲು ಉಪ್ಪುನೀರಿನಲ್ಲಿ ಕರಗಿ ತೊಂದರೆ ಕೊಡುವುದಿಲ್ಲ, ಆದರೆ ರಂಧ್ರಗಳಿಲ್ಲದ ಗಟ್ಟಿ ಕಲ್ಲಾದ್ದರಿಂದ ಇದಕ್ಕೆ ಹೇಳಿಸಿದ್ದಲ್ಲ. ಸಮುದ್ರದಿಂದ ಕಿತ್ತ ಹವಳಬಂಡೆ ತರಿಸೋಣವೆಂದರೆ ಅದು ಅಪರಾಧ. ಕಲ್ಲುಹವಳ, ಕಪ್ಪುಹವಳ, ಕಡಲ ಬೀಸಣಿಗೆಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿವೆ. ಕೃತಕವಾಗಿ ತಯಾರಿಸಿದ ರಂಧ್ರದ ಸಿರಾಮಿಕ್ ತುಂಡುಗಳು ಧಾರಾಳ ಸಾಕು.

ನನ್ನ ಮಟ್ಟಿಗೆ ಹೇಳುವುದಾದರೆ, ಈ ಊರುಗಳಲ್ಲಿ ಹೊಸದಾಗಿ ತೊಟ್ಟಿ ಕಟ್ಟುವವರು ಮೊದಲ ವರ್ಷ ಅನಿಮೋನ್ ತರಬಾರದು, ಬರಿಯ ಕ್ಲೌನ್ ಮೀನು ಸಾಕಬೇಕು. ಅಂಗಡಿಗೆ ಬರುವ ಅನಿಮೋನ್ ಬಹುಪಾಲು ಕಡಲಿನಿಂದ ಕಿತ್ತು ತಂದದ್ದು. ಕ್ಲೌನ್ ಮೀನು ಹಾಗಲ್ಲ. ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಹಲವು ಜಾತಿಗಳನ್ನು ಮೊಟ್ಟೆಯಿಂದ ಮರಿ ಮಾಡಿ ಬೆಳೆಸುವ ವಿಧಾನ ರೂಪಿಸಿದೆ. ಪಾಕ್ ಕೊಲ್ಲಿಯಲ್ಲಿ ಸಿಗುವ ಸೇಬೆ ಕ್ಲೌನ್ ಅವುಗಳಲ್ಲೊಂದು. ಕೈಯಲ್ಲಿ ಬೆಳೆದ ಮರಿಗಳು ತೊಟ್ಟಿಯ ಆಹಾರಕ್ಕೆ ಒಗ್ಗಿರುತ್ತವೆ, ಅನಿಮೋನ್ ನೋಡಿಯೇ ಇರುವುದಿಲ್ಲ, ಇಲ್ಲವೆಂದು ಕೊರಗುವುದೂ ಇಲ್ಲ.

ಜೊತೆಯಾಗಿ ಎರಡು ಮರಿ ತಂದರೆ ಸಾಕು. ಕ್ಲೌನ್ ಮೀನು ಮೊದಲು ಗಂಡಾಗಿಯೇ ಬಲಿಯುತ್ತದೆ. ಜೋಡಿಯಲ್ಲಿ ಹೆಚ್ಚು ಬೆಳೆದದ್ದು ಹೆಣ್ಣಾಗಿ ತಿರುಗುತ್ತದೆ, ಚಿಕ್ಕದು ಗಂಡಾಗಿಯೇ ಉಳಿಯುತ್ತದೆ. ಮೂಲೆಯಲ್ಲಿ ಮಡಕೆಯ ಚೂರೊಂದನ್ನು ಒರಗಿಸಿಟ್ಟರೆ ಎರಡೂ ಅದನ್ನು ಬಾಯಿಯಿಂದ ಉಜ್ಜಿ ಶುಚಿಮಾಡುತ್ತವೆ, ಹೆಣ್ಣು ಅದರ ಮೇಲೆ ಕಿತ್ತಳೆ ಬಣ್ಣದ ಮೊಟ್ಟೆ ಇಡುತ್ತದೆ. ಗಂಡು ಈಜುರೆಕ್ಕೆಯಿಂದ ಗಾಳಿ ಬೀಸುತ್ತಾ, ಕೆಟ್ಟ ಮೊಟ್ಟೆಗಳನ್ನು ತಾನೇ ತಿಂದು ತೆಗೆಯುತ್ತಾ ವಾರದಷ್ಟು ಕಾಯುತ್ತದೆ. ಮರಿ ಒಡೆಯುವುದು ಕತ್ತಲಾದ ಮೇಲೆ. ಅಂದು ರಾತ್ರಿಯೇ ಬೇರೆ ತೊಟ್ಟಿಗೆ ಹಾಕದಿದ್ದರೆ ದೊಡ್ಡವೇ ತಿಂದುಬಿಡುತ್ತವೆ. ಮೊದಲ ದಿನಗಳ ಮರಿಗೆ ಬೇಕಾದ್ದು ರೋಟಿಫರ್ ಎಂಬ ಜೀವಂತ ಸೂಕ್ಷ್ಮ ಪ್ರಾಣಿ, ಅದನ್ನು ಮುಂಚಿತವಾಗಿಯೇ ಬೆಳೆಸಿಟ್ಟುಕೊಂಡಿರಬೇಕು.