ಕಣ್ಣಿನ ಪ್ರೆಶರ್ 18 ಅಂದರೆ ನಾರ್ಮಲ್ಲೇ?

ಬಹ್ರೇನ್‌ನಲ್ಲಿ ಶುಕ್ರವಾರದ ಉಚಿತ ಆರೋಗ್ಯ ಶಿಬಿರಕ್ಕೆ ಹೋಗುವ ನಮ್ಮ ಕರಾವಳಿಯವರು ಮೊದಲು ಶುಗರ್, ಬಿ.ಪಿ. ನೋಡಿಸುತ್ತಾರೆ. ಕಣ್ಣು ತೋರಿಸಿದವರ ಚೀಟಿಯಲ್ಲಿ ಒತ್ತಡ 10ರಿಂದ 21ರೊಳಗೆ ಇದ್ದುಬಿಟ್ಟರೆ ‘ಗ್ಲಾಕೋಮಾ ಇಲ್ಲ’ ಎಂದು ನಿರಾಳವಾಗುತ್ತಾರೆ. ಆದರೆ ಕಾರ್ನಿಯಾದ ದಪ್ಪ ಎಷ್ಟೆಂದು ತಿಳಿಯದೆ ಆ ಅಂಕಿಯನ್ನು ಪೂರ್ತಿ ನಂಬುವಂತಿಲ್ಲ.

ಕಾರ್ನಿಯಾ ಎಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ. ನಡುವಿನಲ್ಲಿ ಅದರ ದಪ್ಪ ಸರಾಸರಿ 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್‌ಗಿಂತ ತುಸು ಹೆಚ್ಚು. ಸ್ವಿಟ್ಜರ್ಲೆಂಡಿನ ವೈದ್ಯ ಹಾನ್ಸ್ ಗೋಲ್ಡ್‌ಮನ್ 1950ರ ದಶಕದಲ್ಲಿ ರೂಪಿಸಿದ ಟೋನೋಮೀಟರ್ ಇಂದಿಗೂ ಒತ್ತಡ ಅಳೆಯುವ ಮುಖ್ಯ ಸಾಧನ. 3.06 ಮಿ.ಮೀ. ವ್ಯಾಸದಷ್ಟು ಕಾರ್ನಿಯಾವನ್ನು ಚಪ್ಪಟೆ ಮಾಡಲು ಎಷ್ಟು ಬಲ ಬೇಕಾಯಿತು ಎಂಬುದರಿಂದ ಅದು ಒಳಗಿನ ಒತ್ತಡ ಹೇಳುತ್ತದೆ. ಸೈಕಲ್ ಟೈರನ್ನು ಹೆಬ್ಬೆರಳಿನಿಂದ ಒತ್ತಿ ಗಾಳಿ ನೋಡುವಾಗ ರಬ್ಬರ್ ದಪ್ಪಗಿದ್ದರೆ ಕಡಿಮೆ ಗಾಳಿಯೂ ಗಟ್ಟಿ ಅನಿಸುತ್ತದಲ್ಲ, ಇಲ್ಲಿಯೂ ಹಾಗೆಯೇ. ಕಾರ್ನಿಯಾ ದಪ್ಪಗಿದ್ದರೆ ಒತ್ತಡ ಇದ್ದುದಕ್ಕಿಂತ ಹೆಚ್ಚು ಕಾಣುತ್ತದೆ, ತೆಳುವಾಗಿದ್ದರೆ ಕಡಿಮೆ. ಶಿಬಿರಗಳಲ್ಲಿ ಗಾಳಿ ಊದಿ ಅಳೆಯುವ ಯಂತ್ರಕ್ಕೂ ಈ ತೊಡಕು ತಪ್ಪಿದ್ದಲ್ಲ.

ತೆಳು ಕಾರ್ನಿಯಾ ಅಂಕಿಯನ್ನು ತಗ್ಗಿಸುವುದಷ್ಟೇ ಅಲ್ಲ. ಒತ್ತಡ ಹೆಚ್ಚಿದ್ದರೂ ಕಣ್ಣಿನ ನರಕ್ಕೆ ಇನ್ನೂ ಹಾನಿಯಾಗಿರದವರನ್ನು ವರ್ಷಗಟ್ಟಲೆ ಗಮನಿಸಿದ ಅಮೆರಿಕದ ಅಧ್ಯಯನವೊಂದರ ಫಲಿತಾಂಶ 2002ರಲ್ಲಿ ಬಂತು. 555 ಮೈಕ್ರಾನ್ ಅಥವಾ ಅದಕ್ಕಿಂತ ತೆಳು ಕಾರ್ನಿಯಾ ಇದ್ದವರಿಗೆ, 588ಕ್ಕಿಂತ ದಪ್ಪ ಇದ್ದವರಿಗಿಂತ ಗ್ಲಾಕೋಮಾ ಬರುವ ಅಪಾಯ ಮೂರು ಪಟ್ಟು ಎಂದು ಅದು ತೋರಿಸಿತು. ನಾಗಪುರ ಸೀಮೆಯ ಹಳ್ಳಿಗಳಲ್ಲಿ ನಡೆದ ಅಧ್ಯಯನದಲ್ಲಿ ಸಿಕ್ಕ ಕಾರ್ನಿಯಾ ದಪ್ಪದ ಸರಾಸರಿ ಬರೀ 514 ಮೈಕ್ರಾನ್. ನಮ್ಮವರ ಕಣ್ಣಿನಲ್ಲಿ 18 ಕಂಡರೂ ದಪ್ಪ ಕೇಳಬೇಕಾದದ್ದು ಇದಕ್ಕೇ. ಲೇಸಿಕ್ ಮಾಡಿಸಿ ಕನ್ನಡಕ ಬಿಟ್ಟವರ ಕಾರ್ನಿಯಾವನ್ನಂತೂ ಲೇಸರ್ ಕೊರೆದು ತೆಳು ಮಾಡಿರುತ್ತದೆ. ಅವರು ಈ ವಿಷಯವನ್ನು ವೈದ್ಯರಿಗೆ ತಾವಾಗಿಯೇ ಹೇಳಬೇಕು.

ಈ ದಪ್ಪವನ್ನು ಅಳೆಯುವ ಪ್ಯಾಕಿಮೆಟ್ರಿ ಎಂಬ ಪರೀಕ್ಷೆ ಸಲೀಸು. ಮರಗಟ್ಟಿಸುವ ಹನಿ ಹಾಕಿ, ಪೆನ್ನಿನಂಥ ಅಲ್ಟ್ರಾಸೌಂಡ್ ಕಡ್ಡಿಯ ತುದಿಯನ್ನು ಕಾರ್ನಿಯಾದ ನಡುವಿಗೆ ಕ್ಷಣಕಾಲ ತಾಗಿಸುತ್ತಾರೆ. ನೋವಿಲ್ಲ. ಕಣ್ಣು ಮುಟ್ಟದೆ ಬೆಳಕಿನಿಂದ ಅಳೆಯುವ ಯಂತ್ರಗಳೂ ಇವೆ. ಆದರೆ ಇಷ್ಟು ಮೈಕ್ರಾನಿಗೆ ಇಷ್ಟು ಕೂಡಿಸಿ, ಕಳೆಯಿರಿ ಎನ್ನುವ ಎಲ್ಲರೂ ಒಪ್ಪಿದ ಸೂತ್ರವಿಲ್ಲ. ವೈದ್ಯರು ಕಣ್ಣಿನ ನರ, ದೃಷ್ಟಿಕ್ಷೇತ್ರದ ಪರೀಕ್ಷೆ, ಮನೆತನದ ಹಿನ್ನೆಲೆ ಎಲ್ಲವನ್ನೂ ಸೇರಿಸಿ ತೀರ್ಮಾನಿಸುತ್ತಾರೆ.

ಗಲ್ಫ್ ಕನ್ನಡಿಗರ ಕಷ್ಟ ಬೇರೆಯೇ. ಒಂದು ತಪಾಸಣೆ ಮನಾಮದಲ್ಲಿ, ಮುಂದಿನದು ರಜೆಗೆ ಬಂದಾಗ ಮಂಗಳೂರಲ್ಲೋ ಮಣಿಪಾಲದಲ್ಲೋ. ಅಲ್ಲಿ 16, ಇಲ್ಲಿ 20 ಬಂದರೆ ರೋಗ ಏರಿತೋ, ಅಳೆದ ಯಂತ್ರ ಬದಲಾಯಿತೋ ಎಂದು ಹೇಳುವವರಿಲ್ಲ. ಗ್ಲಾಕೋಮಾ ಸಾಮಾನ್ಯವಾಗಿ ನೋವಿಲ್ಲದೆ ನೋಟವನ್ನು ಅಂಚಿನಿಂದ ತಿನ್ನುತ್ತ ಬರುತ್ತದೆ. ಹೋದ ದೃಷ್ಟಿ ಮರಳುವುದಿಲ್ಲ. ಒತ್ತಡ ದಿನದಲ್ಲೇ ಏರಿಳಿಯುತ್ತದೆ, ಕಾರ್ನಿಯಾದ ದಪ್ಪ ಮಾತ್ರ ಹೆಚ್ಚು ಬದಲಾಗುವುದಿಲ್ಲ. ಹಾಗಾಗಿ ಒಮ್ಮೆ ಅಳೆಸಿ, ಎರಡೂ ಕಣ್ಣಿನ ಮೈಕ್ರಾನ್ ಲೆಕ್ಕವನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಂಡರೆ ಎರಡೂ ಊರಿನ ವೈದ್ಯರಿಗೆ ಉಪಯೋಗ. ಪ್ರತಿ ಸಲದ ಒತ್ತಡ, ಅಳೆದ ಹೊತ್ತು, ಯಂತ್ರದ ಹೆಸರನ್ನೂ ಜತೆಗೆ ಸೇರಿಸಿ. ನಿಮಗೆ ಗ್ಲಾಕೋಮಾ ಇದೆ ಎಂದಾದರೆ ಊರಲ್ಲಿರುವ ಅಣ್ಣ, ತಮ್ಮ, ಅಕ್ಕ, ತಂಗಿಗೂ ಫೋನ್ ಮಾಡಿ ಕಣ್ಣು ತೋರಿಸಲು ಹೇಳಿ; ಒಡಹುಟ್ಟಿದವರಿಗೂ ಮಕ್ಕಳಿಗೂ ಈ ರೋಗದ ಅಪಾಯ ಹೆಚ್ಚು.